ಹೊಸಮನೆ ಬಳಗ: ಸುಮತ್ತೆಯ ದವಡೆ ಗ್ರಾಫು

ಸುಮತ್ತೆ: (ಫೋಟೊ) ನೋಡ್ರೋ, ದವಡೆ ನೋವು ಅಂತ ಹಲ್ಲಿನ ಡಾಕ್ಟರ್ ಹತ್ರ ಹೋದ್ರೆ, ಕೆನ್ನೆಗೂ ಕಣತಲೆಗೂ ಪಟ್ಟಿ ಅಂಟಿಸಿ ಸ್ನಾಯುವಿನ ಕರೆಂಟ್ ಅಳೆದು ತೆಗೆದ ಗ್ರಾಫು. ಸುಮ್ನೆ ಕೂತಾಗಲೂ ಎಡಗಡೆ ಸ್ನಾಯು ಜಾಸ್ತಿ ಕೆಲಸ ಮಾಡ್ತಿದೆಯಂತೆ. ಹಲ್ಲು ಸರಿಯಾಗಿ ಕೂರ್ತಿಲ್ಲ, ನಾಲ್ಕು ಹಲ್ಲು ಸವೆಸಿ ಸಮ ಮಾಡ್ಬೇಕು ಅಂದ್ರು. ಮಂಗಳವಾರ ಬರ್ಬೇಕಂತೆ.

ಸೀನು ಚಿಕ್ಕಪ್ಪ: ಮಾಡಿಸಿಬಿಡೇ ಅಕ್ಕ. ಮೂವತ್ತು ವರ್ಷ ಕೆಇಬೀಲಿ ಮೀಟರ್ ಓದಿದವನು ನಾನು. ಮೀಟರ್ ಸುಳ್ಳು ಹೇಳಲ್ಲ.

ನಾನು: ಅತ್ತೆ, ಮಂಗಳವಾರ ಹೋಗ್ಬೇಡಿ. ಸವೆಸಿದ ಹಲ್ಲು ವಾಪಸ್ ಬರಲ್ಲ.

ಸೀನು ಚಿಕ್ಕಪ್ಪ: ನೀನು ಮಂಡಿ ನೋಡೋ ಫಿಜಿಯೋ. ಹಲ್ಲಿಗೂ ನಿಂಗೂ ಏನು ಸಂಬಂಧ ಮಾರಾಯ್ತಿ?

ನಾನು: ದವಡೆನೂ ಕೀಲೇ ಚಿಕ್ಕಪ್ಪ. ಪಟ್ಟಿ ಅರ್ಧ ಇಂಚು ಆಚೀಚೆ ಆದ್ರೆ, ಕೆನ್ನೆ ದಪ್ಪ ಇದ್ರೆ, ಕತ್ತು ವಾಲಿದ್ರೆ ಆ ಅಂಕಿ ಬದಲಾಗತ್ತೆ. ನೋವೇ ಇಲ್ಲದವರಿಗೂ ಎಡ ಬಲ ಒಂದೇ ಸಮ ಇರಲ್ಲ. 2014ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದಲ್ಲಿ ದವಡೆ ಸ್ನಾಯು ನೋವು ಪತ್ತೆ ಮಾಡೋಕೆ ಈ ಗ್ರಾಫ್ ಬೇಕಾಗೇ ಇಲ್ಲ. ಬಾಯಿ ತೆಗೆಸಿ ಅಳೀತಾರೆ, ಸ್ನಾಯು ಒತ್ತಿ ‘ದಿನಾ ಬರೋ ನೋವು ಇದೇನಾ’ ಅಂತ ಕೇಳ್ತಾರೆ. ಅತ್ತೆ, ಕೆನ್ನೆ ಒತ್ತಿ ನೋಡಿದ್ರಾ ಅವರು?

ಸುಮತ್ತೆ: ಇಲ್ಲ ಕಣೇ. ಕಂಪ್ಯೂಟರೇ ನೋಡ್ತಿದ್ರು.

ರಘು ಭಾವ: ಆದ್ರೂ ಶ್ರುತಿ, ಸ್ನಾಯು ಬಿಗಿಯಾದ್ರೆ ನೋವು, ನೋವಾದ್ರೆ ಇನ್ನೂ ಬಿಗಿ. ಇದು ಯಾರಿಗಾದ್ರೂ ಗೊತ್ತಾಗೋ ವಿಷಯ ಅಲ್ವಾ?

ನಾನು: ಎಷ್ಟೋ ವರ್ಷ ಡಾಕ್ಟರುಗಳೂ ಹಾಗೇ ಅಂದ್ಕೊಂಡಿದ್ರು ಭಾವ. 1991ರಲ್ಲಿ ಜೇಮ್ಸ್ ಲಂಡ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ಅದನ್ನ ತಲೆಕೆಳಗು ಮಾಡಿದ್ರು. ನೋವಿದ್ದಾಗ ಅಗಿಯೋ ಸ್ನಾಯು ಜೋರು ಮಾಡಲ್ಲ, ಹಿಂಜರಿಯತ್ತೆ. ಕಚ್ಚೋ ಬಲ ಕಮ್ಮಿ, ದವಡೆ ಆಡೋದು ನಿಧಾನ. ಕಾಲು ಉಳುಕಿದವನು ಕುಂಟ್ತಾನಲ್ಲ, ಹಾಗೆ. ಈ ಮಾತೂ ಎಲ್ಲರಿಗೂ ಹೊಂದಲ್ಲ ಅನ್ನಿ.

ಸೀನು ಚಿಕ್ಕಪ್ಪ: ಅಕ್ಕ ಚಿಕ್ಕೋಳಿದ್ದಾಗ ನಿದ್ದೇಲಿ ಹಲ್ಲು ಕಡೀತಿದ್ಲು. ಹೊಟ್ಟೇಲಿ ಹುಳ ಅಂತ ಅಮ್ಮ ಹರಳೆಣ್ಣೆ ಕುಡಿಸ್ತಿದ್ರು 😄

ಸುಮತ್ತೆ: ಅದು ನೀನು. ನಾನಲ್ಲ.

ನಾನು: ನ್ಯೂಯಾರ್ಕಿನ ಸಂಶೋಧಕರು ದವಡೆ ಸ್ನಾಯು ನೋವಿರೋ ಹೆಂಗಸರನ್ನೂ ಇಲ್ಲದವರನ್ನೂ ಲ್ಯಾಬಲ್ಲಿ ಮಲಗಿಸಿ ನೋಡಿದ್ದು 2012-13ರಲ್ಲಿ ಪ್ರಕಟ ಆಯ್ತು. ನೋವಿದ್ದವರೇನೂ ಹೆಚ್ಚು ಹಲ್ಲು ಕಡೀಲಿಲ್ಲ. ಆದ್ರೆ ಕಡಿಯದೆ ಇರೋ ಹೊತ್ತಲ್ಲೂ ಅವರ ಸ್ನಾಯು ಪೂರ್ತಿ ಸಡಿಲ ಆಗ್ತಿರಲಿಲ್ಲ. ಹಾಗಾಗಿ ಅತ್ತೆ ಗ್ರಾಫ್ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಹಲ್ಲು ಸವೆಸೋದು ಮದ್ದಲ್ಲ ಅಷ್ಟೆ. ಬಿಸಿ ಶಾಖ, ಕೆಲವು ದಿನ ಮೆತ್ತಗಿನ ಊಟ, ನಿಧಾನಕ್ಕೆ ಬಾಯಿ ತೆಗೆಯೋ ವ್ಯಾಯಾಮ. ಬಹಳ ಜನಕ್ಕೆ ಇಷ್ಟರಲ್ಲೇ ಇಳಿಯತ್ತೆ. ಈಗ ಎಲ್ಲರೂ ಹೇಳಿ, ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗಿದೆಯಾ? ತುಟಿ ಮುಚ್ಚಿದ್ರೂ ಹಲ್ಲು ಬಿಟ್ಟಿರ್ಬೇಕು.

ಸುಮತ್ತೆ: ಅಯ್ಯೋ, ಗಟ್ಟಿಯಾಗಿ ಕಚ್ಕೊಂಡೇ ಟೈಪ್ ಮಾಡ್ತಿದೀನಿ.

ನಾನು: ಬಾಯಿ ತೆಗೆದು ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗತ್ತಾ ನೋಡಿ.

ಸುಮತ್ತೆ: ಹೋಯ್ತು. ಟಕ್ ಅಂತು, ನೋವಿಲ್ಲ.

ರಘು ಭಾವ: ಆರಾಮಾಗಿ ಹೋಗತ್ತೆ.

ಸೀನು ಚಿಕ್ಕಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ನಾನು: ಚಿಕ್ಕಪ್ಪ?

ಸೀನು ಚಿಕ್ಕಪ್ಪ: ಎರಡೇ ಹೋಗೋದು.

ನಾನು: ಖಾರ ತಿಂದ್ರೆ ಬಾಯಿ ಉರಿಯತ್ತಾ?

ಸೀನು ಚಿಕ್ಕಪ್ಪ: ಆರು ತಿಂಗಳಿಂದ. ಸಾರಿಗೆ ಮೆಣಸು ಜಾಸ್ತಿ ಹಾಕ್ತೀಯ ಅಂತ ನಿನ್ನ ಚಿಕ್ಕಮ್ಮನ ಮೇಲೆ ರೇಗ್ತಿದ್ದೆ.

ನಾನು: ಇದು ಕೀಲಿಂದಲ್ಲ ಅನ್ಸತ್ತೆ. ಅಡಿಕೆ ಅಗಿದು ಅಗಿದು ಕೆನ್ನೆ ಒಳಗಿನ ಪದರ ಗಡುಸಾಗಿರಬಹುದು. ಕ್ಯಾನ್ಸರಿಗೆ ತಿರುಗೋ ಅಪಾಯ ಇದೆ. ಕವಳ ಇವತ್ತಿಗೇ ನಿಲ್ಲಿಸಿ, ನಾಳೆನೇ ಬಾಯಿ ತೋರಿಸಿ.

ಸುಮತ್ತೆ: ನನ್ನ ಮಂಗಳವಾರ ಕ್ಯಾನ್ಸಲ್. ನಾಳೆ ಒಂಬತ್ತಕ್ಕೆ ರಘು ಕಾರು ತರ್ತಾರೆ. ಸೀನು, ತಯಾರಾಗಿರು.

ಸೀನು ಚಿಕ್ಕಪ್ಪ: ಹೊಸ ಅಡಿಕೆ ಸುಲಿದು ಡಬ್ಬಿ ತುಂಬಿಟ್ಟಿದೀನಲ್ಲೇ ಅಕ್ಕ…