ಖಾಲಿ ನಿವೇಶನದ ಶೆಡ್ಡುಗಳ ತೆರವು: ಸಂಘದ ಸದಸ್ಯರ ಅಭಿಪ್ರಾಯ ಕೋರಿಕೆ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಉದ್ಯಾನದ ಹಿಂಬದಿಯ ನಿವೇಶನದಲ್ಲಿ ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ವಾಸಿಸುತ್ತಿರುವ ಹನ್ನೆರಡು ಕುಟುಂಬಗಳಿಗೆ ಈ ತಿಂಗಳೊಳಗೆ ಜಾಗ ತೆರವು ಮಾಡುವಂತೆ ಮಾಲೀಕರು ತಿಳಿಸಿದ್ದಾರೆ. ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು. ನಮ್ಮ ಎಷ್ಟೋ ಮನೆಗಳಿಗೆ ಗಾರೆ ಕೆಲಸ ಮಾಡಿದವರು ಇವರೇ. ಸಂಘ ಏನು ಮಾಡಬಹುದೆಂದು ದಯವಿಟ್ಟು ತಿಳಿಸಿ.

2ನೇ ಅಡ್ಡರಸ್ತೆ ನಿವಾಸಿ:
ನಿವೇಶನ ಖಾಸಗಿಯವರದು, ಮನೆ ಕಟ್ಟಿಸುವ ಹಕ್ಕು ಅವರಿಗಿದೆ. ಸರ್ಕಾರದ ರಾತ್ರಿ ವಸತಿ ಕೇಂದ್ರಗಳಿರುವಾಗ ಕುಟುಂಬಗಳನ್ನು ಅಲ್ಲಿಗೆ ಕಳುಹಿಸಬಹುದಲ್ಲವೇ?

ನಿವೃತ್ತ ಶಿಕ್ಷಕಿ, 4ನೇ ಅಡ್ಡರಸ್ತೆ:
ಮಾಲೀಕರ ಹಕ್ಕನ್ನು ಯಾರೂ ಅಲ್ಲಗಳೆಯುತ್ತಿಲ್ಲ, ಸರ್. ಆದರೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗಾಗುವಷ್ಟು ವಸತಿ ಕೇಂದ್ರವಿರಬೇಕೆಂದಷ್ಟೇ ಇತ್ತು, ಅದೂ ಹೆಚ್ಚಾಗಿ ಒಂಟಿ ಜನರಿಗೆ ಹೊಂದುವಂತಹದು. ಗಂಡ, ಹೆಂಡತಿ, ಮಕ್ಕಳು, ಪಾತ್ರೆ ಪಗಡೆಯೊಂದಿಗೆ ಅಲ್ಲಿ ಸಂಸಾರ ನಡೆಸಲಾಗದು. ಮೊನ್ನೆ ಹೋಗಿದ್ದಾಗ ಆರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕಗಳನ್ನು ಅಕ್ಕಿ ಚೀಲದಲ್ಲಿ ಕಟ್ಟಿ, ನೆಲದ ತೇವ ತಾಗದಂತೆ ಗಳುವಿಗೆ ನೇತುಹಾಕಿದ್ದಳು. ಈಗ ಬೇರೆಡೆಗೆ ಹೋದರೆ ಅವಳ ವರ್ಷವೇ ಕೈತಪ್ಪುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ನಿಜ. ಆದರೂ ಪರೀಕ್ಷೆ ಮುಗಿಯುವವರೆಗೆ ಕಾಲಾವಕಾಶ ಕೇಳುವುದೇ ಮೊದಲ ಕೆಲಸವಾಗಬೇಕು. ಮುಖ್ಯೋಪಾಧ್ಯಾಯರೊಂದಿಗೂ ಅಂಗನವಾಡಿ ಕಾರ್ಯಕರ್ತೆಯೊಂದಿಗೂ ನಾನು ಮಾತನಾಡುತ್ತೇನೆ.

ವಕೀಲರು, 1ನೇ ಮುಖ್ಯರಸ್ತೆ:
ಮೇಡಂ ಹೇಳಿದ್ದು ಸರಿ. ಮಾಲೀಕರೇ ಆದರೂ ಜೆಸಿಬಿ ತಂದು ಬಲವಂತದಿಂದ ಒಕ್ಕಲೆಬ್ಬಿಸಲು ನಾವು ಅವಕಾಶ ಕೊಡಬಾರದು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗರೆಂಬ ಆರೋಪದ ಮೇಲೆ ಶೆಡ್ಡುಗಳನ್ನು ಕೆಡವಿದಾಗ, ಮನೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಕೊನೆಗೆ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. ನಮ್ಮ ಗುಂಪಿನಲ್ಲಿಯೂ ಅಂತಹ ಮಾತು ಬರದಿರಲೆಂದು ಕೋರುತ್ತೇನೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಕಾನೂನು ಸೇವಾ ಪ್ರಾಧಿಕಾರಕ್ಕೆ ಸಲ್ಲಿಸುವ ಅರ್ಜಿಗಳನ್ನು ನಾನು ಬರೆದುಕೊಡುತ್ತೇನೆ.

ಗೃಹಿಣಿ, 3ನೇ ಅಡ್ಡರಸ್ತೆ:
ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಹೇಳುವಂತೆ, ತಿಂಗಳ ಬಾಡಿಗೆಯನ್ನು ಹೇಗೋ ಹೊಂದಿಸಬಲ್ಲರು, ಅಡ್ವಾನ್ಸ್ ಮಾತ್ರ ಅವರ ಕೈಗೆಟುಕದು. ಬೆಂಗಳೂರಿನಲ್ಲಿ ಎಷ್ಟೋ ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವುದರಿಂದಲೇ ದುಡಿಯುವ ಕುಟುಂಬಗಳು ಟಾರ್ಪಾಲಿನ ಕೆಳಗೆ ಉಳಿಯುತ್ತವೆ. ಗಣೇಶೋತ್ಸವಕ್ಕೆ ಚಂದಾ ಎತ್ತುವ ನಾವು ಇದಕ್ಕೂ ಎತ್ತಿ, ಬಡ್ಡಿಯಿಲ್ಲದೆ ಕೊಟ್ಟು, ಕಂತಿನಲ್ಲಿ ಮರಳಿ ಪಡೆದರೆ ಅದೇ ಹಣ ಮುಂದಿನ ಕುಟುಂಬಕ್ಕೂ ಆಗುತ್ತದೆ. ಔಟ್‌ಹೌಸ್ ಖಾಲಿ ಇರುವವರು ಅಡ್ವಾನ್ಸ್ ಕಡಿಮೆ ಮಾಡಿದರೆ ಇನ್ನೂ ಒಳ್ಳೆಯದು.

2ನೇ ಅಡ್ಡರಸ್ತೆ ನಿವಾಸಿ:
ಶಾಲೆಯ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಮಾಲೀಕರು ನನಗೆ ಪರಿಚಯದವರು. ಕಾರ್ಯದರ್ಶಿಗಳ ಜೊತೆ ನಾನೂ ಬಂದು ಕೇಳುತ್ತೇನೆ.

ಸಂಘದ ಕಾರ್ಯದರ್ಶಿ:
ತುಂಬಾ ಉಪಕಾರವಾಯಿತು, ಸರ್. ಭಾನುವಾರ ಬೆಳಿಗ್ಗೆ ಹೋಗೋಣ. ಇನ್ನೊಂದು ವಿಷಯ: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರುವುದಕ್ಕೆ ದೃಢೀಕರಣ ಬೇಕು. ಕಳೆದ ವರ್ಷ ಇವರಿಂದ ಕೆಲಸ ಮಾಡಿಸಿದವರು ದಯವಿಟ್ಟು ಸಂಘದ ಕಚೇರಿಗೆ ಬಂದು, ಯಾರು ಎಷ್ಟು ದಿನ ದುಡಿದರೆಂದು ಬರೆದು ಸಹಿ ಹಾಕಿಕೊಡಬೇಕು.