ಎಕ್ಸ್‌ಎಫ್‌ಸಿಇ ಹಾಕಿಕೊಂಡರೂ ಹಳೆಯ ಗ್ನೋಮ್ ಪರದೆಯೇ ತೆರೆಯುತ್ತಿದೆ

ಪ್ರಶ್ನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಾಲು ಉತ್ಪಾದಕರ ಸಂಘದ ಪತ್ರವ್ಯವಹಾರವನ್ನೂ ಸಭೆಯ ನಡಾವಳಿಗಳನ್ನೂ ನಾನು ನೋಡಿಕೊಳ್ಳುತ್ತೇನೆ. ಅದಕ್ಕೆ ಬಳಸುವ ಲ್ಯಾಪ್‌ಟಾಪ್ ಹಳೆಯದಾಗಿದ್ದು, ಅದರಲ್ಲಿರುವುದು 4 ಜಿಬಿ ಮೆಮೊರಿ ಮಾತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ವಿಂಡೋಸ್ 11 ಈ ಯಂತ್ರಕ್ಕೆ ಹೊಂದುವುದಿಲ್ಲ ಎಂದು ತಿಳಿದುಬಂದುದರಿಂದ, ಪರಿಚಯದ ಹುಡುಗನೊಬ್ಬ ಲಿನಕ್ಸ್ ಬಗೆಯ ಉಬುಂಟು 24.04 ಹಾಕಿಕೊಟ್ಟಿದ್ದಾನೆ. ಕೆಲಸವೇನೋ ನಡೆಯುತ್ತದೆ, ಆದರೆ ಎಲ್ಲವೂ ನಿಧಾನ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು ಇರುವ ಪರದೆಗೆ ಒಗ್ಗಿಹೋಗಿರುವ ನನಗೆ ಉಬುಂಟು ಜೊತೆ ಬಂದ ಡೆಸ್ಕ್‌ಟಾಪ್ (ಮೆನು, ಪಟ್ಟಿಗಳಿರುವ ಪರದೆ) ಆದ ಗ್ನೋಮ್‌ನ ವಿನ್ಯಾಸವೂ ಹಿಡಿಸಲಿಲ್ಲ.

ಹಳೆಯ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹಗುರವೆಂದು ಓದಿ, ಟರ್ಮಿನಲ್ ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಎಫ್‌ಸಿಇ4’ ಎಂಬ ಆದೇಶ ಕೊಟ್ಟೆ. ಯಾವ ದೋಷವೂ ಕಾಣಿಸದೆ ಎಲ್ಲವೂ ಮುಗಿಯಿತು. ಆದರೆ ಯಂತ್ರವನ್ನು ಮುಚ್ಚಿ ತೆರೆದರೆ ಮೊದಲಿನ ಪರದೆಯೇ ಬರುತ್ತಿದೆ. ಲಾಗಿನ್ ಮಾಡುವಾಗ ಗಿಯರ್ ಗುರುತನ್ನು ಒತ್ತಬೇಕೆಂದು ಎಲ್ಲರೂ ಬರೆದಿದ್ದಾರೆ, ಆದರೆ ನನಗೆ ಅಂಥ ಗುರುತು ಎಲ್ಲಿಯೂ ಕಾಣಿಸುತ್ತಿಲ್ಲ. ಪರದೆಯನ್ನು ಲಾಕ್ ಮಾಡಿ ನೋಡಿದಾಗಲೂ ಪಾಸ್‌ವರ್ಡ್ ಕೇಳುವ ಚೌಕ ಬಂತೇ ಹೊರತು ಬೇರೇನೂ ಇರಲಿಲ್ಲ. ಎಕ್ಸ್‌ಎಫ್‌ಸಿಇ ಸರಿಯಾಗಿ ಸ್ಥಾಪನೆಯಾಗಿಲ್ಲವೆಂದು ಇದರ ಅರ್ಥವೇ? ಗ್ನೋಮ್ ಅನ್ನು ತೆಗೆದುಹಾಕಿದರೆ ಇದು ತಾನಾಗಿ ಬರಬಹುದೇ?

ಉತ್ತರ (ಮೈಸೂರು)

ಸರ್, ದಯವಿಟ್ಟು ಗ್ನೋಮ್ ಅನ್ನು ಈಗಲೇ ತೆಗೆಯಬೇಡಿ. ಹೊಸ ಪರದೆಯೊಳಗೆ ಒಮ್ಮೆಯೂ ಹೋಗದೆ ಹಳೆಯದನ್ನು ತೆಗೆದರೆ, ಯಂತ್ರ ತೆರೆದಾಗ ಬರಿಯ ಕಪ್ಪು ಪರದೆಯ ಮೇಲೆ ಅಕ್ಷರಗಳಷ್ಟೇ ಕಾಣಿಸುವ ಸಾಧ್ಯತೆ ಇದೆ. ಲಾಗಿನ್ ಪರದೆಯನ್ನು ತೋರಿಸುವ ಜಿಡಿಎಂ3 ಎಂಬ ಕಾರ್ಯಕ್ರಮವೂ ಗ್ನೋಮ್ ಕುಟುಂಬಕ್ಕೇ ಸೇರಿದ್ದು, ಅದರ ಜೊತೆಗೇ ಹೊರಟುಹೋಗುತ್ತದೆ.

ಮೊದಲು ಸ್ಥಾಪನೆಯಾಗಿದೆಯೇ ಎಂಬುದನ್ನು ನೋಡೋಣ. ಕಡತ ವ್ಯವಸ್ಥೆಯಲ್ಲಿ ‘ಯುಎಸ್‌ಆರ್’ ಒಳಗಿನ ‘ಶೇರ್’ ಫೋಲ್ಡರಿಗೆ ಹೋಗಿ, ಅಲ್ಲಿ ‘ಎಕ್ಸ್‌ಸೆಷನ್ಸ್’ ಎಂಬುದನ್ನು ತೆರೆಯಿರಿ. ಲಾಗಿನ್ ಪರದೆಯು ಆಯ್ಕೆಗಳ ಪಟ್ಟಿಯನ್ನು ಅಲ್ಲಿಂದಲೂ, ಪಕ್ಕದ ‘ವೇಲ್ಯಾಂಡ್-ಸೆಷನ್ಸ್’ ಫೋಲ್ಡರಿನಿಂದಲೂ ಓದಿಕೊಳ್ಳುತ್ತದೆ. ಉಬುಂಟು 24.04ರಲ್ಲಿ ಬರುವ ಎಕ್ಸ್‌ಎಫ್‌ಸಿಇ 4.18 ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ಎಕ್ಸ್11 ವ್ಯವಸ್ಥೆಯ ಮೇಲೆ ನಡೆಯುವುದರಿಂದ ಅದರ ಕಡತ ಮೊದಲನೆಯ ಫೋಲ್ಡರಿನಲ್ಲಿ ಇರಬೇಕು. ಅಲ್ಲಿ ಎಕ್ಸ್‌ಎಫ್‌ಸಿಇ ಹೆಸರಿನ ಕಡತ ಕಂಡರೆ ಸ್ಥಾಪನೆಯಲ್ಲಿ ಲೋಪವಿಲ್ಲವೆಂದು ತಿಳಿಯಬಹುದು.

ನಿಮ್ಮ ವಿವರಣೆಯನ್ನು ಓದಿದರೆ ತೊಂದರೆ ಬೇರೆಯೇ ಎನಿಸುತ್ತದೆ. ಯಂತ್ರ ಚಾಲೂ ಆದಾಗ ಅದು ಪಾಸ್‌ವರ್ಡ್ ಕೇಳದೆ ನೇರವಾಗಿ ಒಳಗೆ ಹೋಗುತ್ತಿದೆಯೇ? ಹಾಗಿದ್ದರೆ, ಉಬುಂಟು ಹಾಕಿಕೊಟ್ಟವರು ಸ್ವಯಂಚಾಲಿತ ಲಾಗಿನ್ ಆಯ್ಕೆಯನ್ನು ಇಟ್ಟಿರಬೇಕು. ಆಗ ಲಾಗಿನ್ ಪರದೆಯೇ ಬರುವುದಿಲ್ಲವಾದ್ದರಿಂದ ಗಿಯರ್ ಗುರುತು ಕಾಣಿಸುವ ಪ್ರಶ್ನೆಯೂ ಇಲ್ಲ. ಲಾಕ್ ಪರದೆ ನೋಡಲು ಲಾಗಿನ್ ಪರದೆಯಂತೆಯೇ ಇದ್ದರೂ, ಅದು ಈಗಾಗಲೇ ನಡೆಯುತ್ತಿರುವ ಗ್ನೋಮ್ ಒಳಗಿನ ಪರದೆ. ಅಲ್ಲಿ ಡೆಸ್ಕ್‌ಟಾಪ್ ಬದಲಿಸಲು ಅವಕಾಶವಿರುವುದಿಲ್ಲ.

ಆದ್ದರಿಂದ ಲಾಕ್ ಮಾಡದೆ, ಬಲಮೇಲ್ಮೂಲೆಯ ಪವರ್ ಗುರುತಿನಿಂದ ‘ಲಾಗ್ ಔಟ್’ ಮಾಡಿ. ಬರುವ ಪರದೆಯಲ್ಲಿ ಮೊದಲು ನಿಮ್ಮ ಹೆಸರನ್ನು ಒತ್ತಬೇಕು. ಪಾಸ್‌ವರ್ಡ್ ಚೌಕ ತೆರೆದ ನಂತರವೇ ಬಲ ಕೆಳಮೂಲೆಯಲ್ಲಿ ಗಿಯರ್ ಮೂಡುತ್ತದೆ, ಹೆಸರು ಒತ್ತುವ ಮೊದಲು ಹುಡುಕಿದರೆ ಸಿಗುವುದಿಲ್ಲ. ಅದನ್ನು ಒತ್ತಿ ‘ಎಕ್ಸ್‌ಎಫ್‌ಸಿಇ ಸೆಷನ್’ ಆರಿಸಿ ಪಾಸ್‌ವರ್ಡ್ ಕೊಡಿ. ಈ ಆಯ್ಕೆಯನ್ನು ಯಂತ್ರವು ನಿಮ್ಮ ಹೆಸರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ.

ಈ ಚರ್ಚೆಯಲ್ಲಿ ಆದೇಶಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲೇ ಟೈಪ್ ಮಾಡಬೇಕೆಂಬುದನ್ನು ಹೊಸಬರಾಗಿ ಓದುತ್ತಿರುವವರು ಗಮನಿಸಬೇಕು.

ಪ್ರಶ್ನೆ ಕೇಳಿದವರು (ಮಂಡ್ಯ)

ತಾವು ಹೇಳಿದಂತೆಯೇ ಆಯಿತು ಸರ್. ಸ್ವಯಂಚಾಲಿತ ಲಾಗಿನ್ ಇತ್ತು. ಲಾಗ್ ಔಟ್ ಮಾಡಿದೊಡನೆ ಗಿಯರ್ ಸಿಕ್ಕಿತು, ಎಕ್ಸ್‌ಎಫ್‌ಸಿಇ ತೆರೆಯಿತು. ಮೆನು ನನಗೆ ಪರಿಚಿತ ರೀತಿಯಲ್ಲೇ ಇದೆ.

ಆದರೆ ಈಗ ಕನ್ನಡ ಟೈಪ್ ಮಾಡಲು ಆಗುತ್ತಿಲ್ಲ. ಗ್ನೋಮ್‌ನಲ್ಲಿ ಸೂಪರ್ ಕೀಲಿಯೊಂದಿಗೆ (ವಿಂಡೋಸ್ ಗುರುತಿರುವ ಕೀಲಿ) ಸ್ಪೇಸ್ ಒತ್ತಿದರೆ ಕನ್ನಡಕ್ಕೆ ಬದಲಾಗುತ್ತಿತ್ತು, ಇಲ್ಲಿ ಏನೂ ಆಗುವುದಿಲ್ಲ. ಸಂಘದ ಸಭೆಯ ನೋಟಿಸ್ ಬರೆಯಬೇಕಾಗಿರುವುದರಿಂದ ಸದ್ಯಕ್ಕೆ ಮತ್ತೆ ಗ್ನೋಮ್‌ಗೇ ಹೋಗಿ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಕನ್ನಡ ಮೊದಲಿನಂತೆಯೇ ಬರುತ್ತಿದೆ.

ಉತ್ತರ (ಮೈಸೂರು)

ಡೆಸ್ಕ್‌ಟಾಪ್ ಬದಲಿಸುವ ಕನ್ನಡಿಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಇಂಗ್ಲಿಷಿನಲ್ಲಿ ಬರೆದಿರುವ ಮಾರ್ಗದರ್ಶಿಗಳು ಈ ವಿಷಯವನ್ನು ಮುಟ್ಟುವುದೇ ಅಪರೂಪವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗ್ನೋಮ್‌ನಲ್ಲಿ ನೀವು ಸೇರಿಸಿದ ಕನ್ನಡ ಕೀಲಿಮಣೆಯು ಗ್ನೋಮ್‌ನ ಸ್ವಂತ ಸೆಟ್ಟಿಂಗ್ಸ್‌ನಲ್ಲಿ ದಾಖಲಾಗಿರುತ್ತದೆ. ಎಕ್ಸ್‌ಎಫ್‌ಸಿಇ ಆ ದಾಖಲೆಯನ್ನು ಓದುವುದಿಲ್ಲ. ನಿಮ್ಮ ಕಡತಗಳೂ ಲಿಬ್ರೆ ಆಫೀಸ್ ಕೂಡ ಎರಡೂ ಕಡೆ ಒಂದೇ ಆಗಿದ್ದರೂ, ಕೀಲಿಮಣೆ, ಟಚ್‌ಪ್ಯಾಡ್, ಪರದೆ ಆರುವ ಸಮಯ ಮುಂತಾದವನ್ನು ಹೊಸದಾಗಿ ಹೇಳಿಕೊಡಬೇಕಾಗುತ್ತದೆ.

ನೀವು ಬಳಸುತ್ತಿದ್ದದ್ದು ಯಾವ ಬಗೆಯ ಕೀಲಿಮಣೆ ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಗ್ನೋಮ್‌ಗೆ ಹೋಗಿ ಸೆಟ್ಟಿಂಗ್ಸ್‌ನ ಕೀಲಿಮಣೆ ವಿಭಾಗದಲ್ಲಿ ಹೆಸರನ್ನು ನೋಡಿ. ‘ಕನ್ನಡ (ಕಗಪ, ಫೊನೆಟಿಕ್)’ ಎಂದಿದ್ದರೆ ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬಳಸುವ ವಿನ್ಯಾಸವೇ. ಒತ್ತಕ್ಷರಕ್ಕೆ ಇಂಗ್ಲಿಷಿನ ಎಫ್ ಕೀಲಿ ಒತ್ತುವವರು ನೀವಾಗಿದ್ದರೆ ಇದೇ ಇರಬೇಕು. ಇದು ಎಕ್ಸ್11ರೊಳಗೇ ಇರುವ ವಿನ್ಯಾಸವಾದ್ದರಿಂದ ಬೇರೆ ಯಾವ ತಂತ್ರಾಂಶದ ನೆರವೂ ಬೇಕಿಲ್ಲ. ಎಕ್ಸ್‌ಎಫ್‌ಸಿಇ ಸೆಟ್ಟಿಂಗ್ಸ್‌ನಲ್ಲಿ ‘ಕೀಬೋರ್ಡ್’ ತೆರೆದು ‘ಲೇಔಟ್’ ಎಂಬ ಪುಟಕ್ಕೆ ಹೋಗಿ, ಮೇಲಿರುವ ‘ಯೂಸ್ ಸಿಸ್ಟಮ್ ಡಿಫಾಲ್ಟ್ಸ್’ ಆಯ್ಕೆಯನ್ನು ತೆಗೆಯಬೇಕು. ಅದನ್ನು ತೆಗೆಯುವವರೆಗೆ ಕೆಳಗಿನ ಗುಂಡಿಗಳು ಮಂಕಾಗಿಯೇ ಇರುತ್ತವೆ. ನಂತರ ‘ಆ್ಯಡ್’ ಒತ್ತಿ, ಪಟ್ಟಿಯಲ್ಲಿ ಕನ್ನಡವನ್ನು ಕ ಅಕ್ಷರದಡಿ ಹುಡುಕದೆ ‘ಇಂಡಿಯನ್’ ಎಂಬ ಸಾಲನ್ನು ಬಿಡಿಸಿ ನೋಡಿ, ಕಗಪ ಅಲ್ಲಿರುತ್ತದೆ. ಭಾಷೆ ಬದಲಿಸುವ ಕೀಲಿಯನ್ನೂ ಅದೇ ಪುಟದಲ್ಲಿ ಆರಿಸಬಹುದು, ಆಲ್ಟ್ ಮತ್ತು ಶಿಫ್ಟ್ ಜೋಡಿ ಹೆಚ್ಚು ಜನರಿಗೆ ಒಗ್ಗುತ್ತದೆ.

ಹೆಸರಿನಲ್ಲಿ ‘ಎಂ17ಎನ್’ ಎಂದಿದ್ದರೆ ನೀವು ಬಳಸುತ್ತಿದ್ದದ್ದು ಐಬಸ್ ಎಂಬ ತಂತ್ರಾಂಶದ ಮೂಲಕ ಬರುವ ಕೀಲಿಮಣೆ. ಗ್ನೋಮ್ ಐಬಸ್ ಅನ್ನು ತಾನೇ ಚಾಲೂ ಮಾಡುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಅದನ್ನು ಚಾಲೂ ಮಾಡುವಂತೆ ನಾವು ಹೇಳಬೇಕಾಗಬಹುದು. ಟರ್ಮಿನಲ್‌ನಲ್ಲಿ ‘ಐಎಂ-ಕಾನ್ಫಿಗ್ -ಎನ್ ಐಬಸ್’ ಎಂದು ಕೊಟ್ಟು, ಲಾಗ್ ಔಟ್ ಮಾಡಿ ಮತ್ತೆ ಒಳಬನ್ನಿ. ಆ ಆದೇಶ ಸಿಗಲಿಲ್ಲವೆಂದರೆ ಅದೇ ಹೆಸರಿನ ಪ್ಯಾಕೇಜನ್ನು ಆಪ್ಟ್ ಮೂಲಕ ಹಾಕಿಕೊಳ್ಳಿ. ಬಳಿಕ ‘ಐಬಸ್-ಸೆಟಪ್’ ನಡೆಸಿ, ‘ಇನ್‌ಪುಟ್ ಮೆಥಡ್’ ಪುಟದಲ್ಲಿ ಕನ್ನಡವನ್ನು ಸೇರಿಸಿ. ಸೂಪರ್ ಮತ್ತು ಸ್ಪೇಸ್ ಜೋಡಿ ಐಬಸ್‌ನಲ್ಲಿ ಮೊದಲಿನಿಂದಲೇ ಗೊತ್ತುಪಡಿಸಿದ್ದಾಗಿರುವುದರಿಂದ ನಿಮ್ಮ ಅಭ್ಯಾಸ ಬದಲಾಗಬೇಕಿಲ್ಲ.

ಎರಡೂ ದಾರಿಗಳನ್ನು ಒಟ್ಟಿಗೆ ಹಿಡಿಯಬೇಡಿ. ಐಬಸ್ ನಡೆಯುತ್ತಿರುವಾಗ ಅದು ಎಕ್ಸ್‌ಎಫ್‌ಸಿಇಯ ಕೀಲಿಮಣೆ ಆಯ್ಕೆಯನ್ನು ಅಳಿಸಿ ತನ್ನದನ್ನು ಹೇರುವುದುಂಟು, ಆಗ ತೊಂದರೆ ಎಲ್ಲಿದೆ ಎಂದು ಹುಡುಕುವುದೇ ಕಷ್ಟವಾಗುತ್ತದೆ.

ಮತ್ತೊಬ್ಬ ಓದುಗರು (ಶ್ರೀರಂಗಪಟ್ಟಣ)

ಮಧ್ಯೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಪ್ರಶ್ನೆ ಶುರುವಾದದ್ದು ನಿಧಾನದ ಬಗ್ಗೆ, ಅದನ್ನು ಯಾರೂ ನೋಡಲಿಲ್ಲವಲ್ಲ. ಉಬುಂಟು 24.04 ಡೆಸ್ಕ್‌ಟಾಪಿಗೆ 4 ಜಿಬಿ ಮೆಮೊರಿಯೇ ಕನಿಷ್ಠವೆಂದು ತಯಾರಕರೇ ಹೇಳಿದ್ದಾರೆ, ಅಂದರೆ ಈ ಯಂತ್ರ ಹೊಸ್ತಿಲಲ್ಲೇ ನಿಂತಿದೆ. ಎಕ್ಸ್‌ಎಫ್‌ಸಿಇ ಒಂದಿಷ್ಟು ಮೆಮೊರಿ ಉಳಿಸುವುದು ನಿಜ, ಆದರೆ ಬ್ರೌಸರಿನಲ್ಲಿ ನಾಲ್ಕಾರು ಪುಟ ತೆರೆದರೆ ಆ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ.

‘ಎಲ್‌ಎಸ್‌ಬಿಎಲ್‌ಕೆ -ಡಿ -ಒ ನೇಮ್,ರೋಟ’ ಎಂಬ ಆದೇಶ ಕೊಟ್ಟು ನೋಡಿ. ಡಿಸ್ಕಿನ ಹೆಸರಿನ ಮುಂದೆ 1 ಎಂದು ಬಂದರೆ ಅದು ತಿರುಗುವ ಹಾರ್ಡ್ ಡಿಸ್ಕ್, 0 ಎಂದರೆ ತಿರುಗುವ ಭಾಗಗಳಿಲ್ಲದ, ವೇಗದ ಎಸ್‌ಎಸ್‌ಡಿ. ತಿರುಗುವ ಡಿಸ್ಕ್ ಆಗಿದ್ದರೆ ಯಾವ ಡೆಸ್ಕ್‌ಟಾಪ್ ಹಾಕಿದರೂ ಪವಾಡ ನಡೆಯುವುದಿಲ್ಲ. ಉಬುಂಟುವಿನಲ್ಲಿ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುವ ಫೈರ್‌ಫಾಕ್ಸ್ ಅಂಥ ಡಿಸ್ಕಿನಲ್ಲಿ ಮೊದಲ ಸಲ ತೆರೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ನೇರವಾಗಿ ಜುಬುಂಟುವನ್ನೇ (ಎಕ್ಸ್‌ಎಫ್‌ಸಿಇ ಜೊತೆಗೇ ಬರುವ ಉಬುಂಟು) ಸ್ಥಾಪಿಸುವುದು ಒಳಿತೆಂಬುದು ನನ್ನ ಅಭಿಪ್ರಾಯ. ಗ್ನೋಮ್ ಮೇಲೆ ಎಕ್ಸ್‌ಎಫ್‌ಸಿಇ ಹೇರಿದರೆ ಮೆನುವಿನಲ್ಲಿ ಎಲ್ಲವೂ ಎರಡೆರಡು: ಎರಡು ಫೈಲ್ ಮ್ಯಾನೇಜರ್, ಎರಡು ಟರ್ಮಿನಲ್, ಎರಡು ಸೆಟ್ಟಿಂಗ್ಸ್.

ಉತ್ತರ (ಮೈಸೂರು)

ಎಸ್‌ಎಸ್‌ಡಿ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಲಿನಕ್ಸ್‌ಗೆ ಈಗಷ್ಟೇ ಬಂದವರಿಗೆ ಮತ್ತೆ ಮೊದಲಿನಿಂದ ಸ್ಥಾಪಿಸಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಸಂಘದ ಕಡತಗಳು ಅದೇ ಡಿಸ್ಕಿನಲ್ಲಿರುವಾಗ ಅದು ಅಪಾಯದ ಕೆಲಸವೂ ಹೌದು. ಇನ್ನೊಂದು ವ್ಯತ್ಯಾಸವೂ ಇದೆ: ಉಬುಂಟು 24.04ಕ್ಕೆ ಐದು ವರ್ಷದ ಬೆಂಬಲವಿದ್ದರೆ, ಜುಬುಂಟು 24.04ಕ್ಕೆ ಇರುವುದು ಮೂರೇ ವರ್ಷ, ಅಂದರೆ 2027ರ ಏಪ್ರಿಲ್‌ವರೆಗೆ. ಹೊಸ ಡಿಸ್ಕ್ ಹಾಕಿಸುವ ದಿನ ಬಂದಾಗ ಅದನ್ನು ಯೋಚಿಸಬಹುದು.

ಎರಡೆರಡು ಕಾಣಿಸುವುದು ಕಣ್ಣಿಗೆ ಕಿರಿಕಿರಿಯೇ ಹೊರತು ಯಂತ್ರಕ್ಕೆ ಹೊರೆಯಲ್ಲ. ಎಕ್ಸ್‌ಎಫ್‌ಸಿಇ ನಡೆಯುತ್ತಿರುವಾಗ ಗ್ನೋಮ್ ಅಟ್ಟದ ಮೇಲಿಟ್ಟ ಪಾತ್ರೆಯಂತೆ ಜಾಗ ಹಿಡಿಯುತ್ತದೆ, ಒಲೆಯ ಮೇಲಿನ ಅಡುಗೆಗೆ ಅಡ್ಡಿಯಾಗುವುದಿಲ್ಲ. ಗ್ನೋಮ್ ಜೊತೆ ಬಂದ ಕೆಲವು ಸಣ್ಣ ಕಾರ್ಯಕ್ರಮಗಳು ಮಾತ್ರ ಇಲ್ಲಿಯೂ ತಾವಾಗಿ ಶುರುವಾಗುವುದುಂಟು. ಎಕ್ಸ್‌ಎಫ್‌ಸಿಇಯ ‘ಸೆಷನ್ ಆ್ಯಂಡ್ ಸ್ಟಾರ್ಟಪ್’ ತೆರೆದು, ಬೇಡವಾದವುಗಳ ಗುರುತು ತೆಗೆದರೆ ಸಾಕು. ಅಲ್ಲಿ ನೆಟ್‌ವರ್ಕ್ ಎಂದಿರುವುದನ್ನು ಮುಟ್ಟಬೇಡಿ, ತೆಗೆದರೆ ವೈಫೈ ಗುರುತು ಪರದೆಯ ಅಂಚಿನ ಪಟ್ಟಿಯಿಂದ ಮಾಯವಾಗುತ್ತದೆ.

ಗ್ನೋಮ್ ತೆಗೆಯಲೇಬೇಕೆಂದರೆ, ತೆಗೆಯುವ ಮುನ್ನ ಲೈಟ್‌ಡಿಎಂ ಎಂಬ ಲಾಗಿನ್ ಕಾರ್ಯಕ್ರಮವನ್ನು ಹಾಕಿಕೊಳ್ಳಿ. ಸ್ಥಾಪನೆಯ ನಡುವೆ ಯಾವುದು ಮುಖ್ಯವಾಗಿರಬೇಕೆಂದು ಕೇಳುವ ನೀಲಿ ಪರದೆ ಬಂದಾಗ ಅದನ್ನೇ ಆರಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ ಅದರ ಮೂಲಕ ಎಕ್ಸ್‌ಎಫ್‌ಸಿಇಗೆ ಹೋಗಲಾಗುತ್ತದೆಯೇ ಎಂದು ಪರೀಕ್ಷಿಸಿ. ಆಮೇಲೆ ‘ಆಪ್ಟ್ -ಎಸ್ ರಿಮೂವ್ ಗ್ನೋಮ್-ಶೆಲ್’ ಎಂದು ಕೊಟ್ಟರೆ, ಏನನ್ನೂ ತೆಗೆಯದೆ, ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ. ನಿಜವಾಗಿ ತೆಗೆಯುವಾಗ ಆ ಪಟ್ಟಿಯನ್ನು ಓದದೆ, ಒಪ್ಪಿಗೆಯ ವೈ ಕೀಲಿ ಒತ್ತುವವರೇ ಹೆಚ್ಚು. ಡಿಸ್ಕಿನಲ್ಲಿ ಜಾಗದ ಅಭಾವವಿಲ್ಲದಿದ್ದರೆ ನನ್ನ ಸಲಹೆ, ಗ್ನೋಮ್ ಅಲ್ಲಿಯೇ ಇರಲಿ. ಎಕ್ಸ್‌ಎಫ್‌ಸಿಇ ಎಂದಾದರೂ ಕೈಕೊಟ್ಟರೆ ಲಾಗಿನ್ ಪರದೆಯಿಂದ ಗ್ನೋಮ್‌ಗೆ ಹೋಗಿ ಸರಿಪಡಿಸಬಹುದು.

ಪ್ರಶ್ನೆ ಕೇಳಿದವರು (ಮಂಡ್ಯ)

ನಾನು ಬಳಸುತ್ತಿದ್ದದ್ದು ಕಗಪ ವಿನ್ಯಾಸವೇ. ‘ಇಂಡಿಯನ್’ ಸಾಲಿನಡಿ ಸಿಕ್ಕಿತು, ಆಲ್ಟ್-ಶಿಫ್ಟ್ ಒತ್ತಿದರೆ ಬದಲಾಗುತ್ತಿದೆ, ನೋಟಿಸನ್ನೂ ಎಕ್ಸ್‌ಎಫ್‌ಸಿಇಯಲ್ಲೇ ಬರೆದು ಮುಗಿಸಿದೆ. ಡಿಸ್ಕಿನ ಮುಂದೆ 1 ಎಂದೇ ತೋರಿಸುತ್ತಿದೆ, ಹಾಗಾಗಿ ಎಸ್‌ಎಸ್‌ಡಿ ವಿಷಯವನ್ನು ಸಂಘದ ಮುಂದಿಡುತ್ತೇನೆ. ಗ್ನೋಮ್ ಅನ್ನು ತೆಗೆಯುವುದಿಲ್ಲ.

ಇನ್ನೆರಡು ಸಣ್ಣ ವಿಷಯಗಳು ಉಳಿದಿವೆ. ಟಚ್‌ಪ್ಯಾಡ್ ಮೇಲೆ ಮೆಲ್ಲಗೆ ತಟ್ಟಿದರೆ ಕ್ಲಿಕ್ ಆಗುತ್ತಿಲ್ಲ. ವಿಂಡೋಸ್ ಕಾಲದಲ್ಲಿ ನುಡಿಯಲ್ಲಿ ಬರೆದಿಟ್ಟ ಹಳೆಯ ನಡಾವಳಿಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತಿವೆ. ಇದೂ ಎಕ್ಸ್‌ಎಫ್‌ಸಿಇಯ ತೊಂದರೆಯೇ?

ಉತ್ತರ (ಮೈಸೂರು)

ಮೊದಲನೆಯದು ಹೌದು. ‘ಮೌಸ್ ಆ್ಯಂಡ್ ಟಚ್‌ಪ್ಯಾಡ್’ ತೆರೆದು, ಮೇಲಿನ ಸಾಧನಗಳ ಪಟ್ಟಿಯಲ್ಲಿ ಟಚ್‌ಪ್ಯಾಡ್ ಆರಿಸಿದರೆ ತಟ್ಟಿ ಕ್ಲಿಕ್ ಮಾಡುವ ಆಯ್ಕೆ ಕಾಣಿಸುತ್ತದೆ. ಮೌಸ್ ಆರಿಸಿದ್ದಾಗ ಅದು ಇರುವುದಿಲ್ಲ.

ಎರಡನೆಯದಕ್ಕೂ ಡೆಸ್ಕ್‌ಟಾಪಿಗೂ ಸಂಬಂಧವಿಲ್ಲ, ಗ್ನೋಮ್‌ನಲ್ಲಿ ತೆರೆದರೂ ಹಾಗೆಯೇ ಕಾಣಿಸುತ್ತದೆ. ಆ ಕಡತಗಳು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಬರೆದವು. ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತಿತ್ತು. ವಿಂಡೋಸ್‌ನಲ್ಲಿ ಬಳಸಿದ ಅದೇ ಫಾಂಟ್ ಕಡತವನ್ನು ನಿಮ್ಮ ಹೋಮ್ ಫೋಲ್ಡರಿನ ‘.ಲೋಕಲ್’ ಒಳಗಿನ ‘ಶೇರ್’ನಲ್ಲಿ ‘ಫಾಂಟ್ಸ್’ ಎಂಬ ಫೋಲ್ಡರ್ ಮಾಡಿ ಹಾಕಿ, ‘ಎಫ್‌ಸಿ-ಕ್ಯಾಷ್ -ಎಫ್’ ನಡೆಸಿ, ಲಿಬ್ರೆ ಆಫೀಸನ್ನು ಮುಚ್ಚಿ ತೆರೆದರೆ ಓದಲು ಬರುತ್ತದೆ. ಚುಕ್ಕಿಯಿಂದ ಶುರುವಾಗುವ ಫೋಲ್ಡರುಗಳು ಮರೆಯಾಗಿರುವುದರಿಂದ ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಬೇಕು. ಇದು ಓದುವುದಕ್ಕೆ ಮಾತ್ರ ಸಾಕು. ಆ ನಡಾವಳಿಗಳಲ್ಲಿ ಪದ ಹುಡುಕಬೇಕೆಂದರೆ ಅಥವಾ ಹೊಸ ಸಾಲು ಸೇರಿಸಬೇಕೆಂದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಮೊದಲು ಒಂದು ಪ್ರತಿಯ ಮೇಲೆ ಮಾಡಿ, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಸಾಲುಸಾಲಾಗಿ ಹೋಲಿಸಿ ನೋಡಿ. ಪರಿವರ್ತನೆಯಲ್ಲಿ ಹೆಚ್ಚಾಗಿ ಕೆಡುವುದು ಅವೇ.