ಫೈನಲ್ ಫ್ಯಾಂಟಸಿ ಕ್ರಿಸ್ಟಲ್ ಕ್ರಾನಿಕಲ್ಸ್: ನಾಲ್ವರು ಕೂಡಿ ಆಡಲು ಹಳೆಯ ಡಿಸ್ಕೇ ಬೇಕೆ, 2020ರ ಆವೃತ್ತಿ ಸಾಕೆ?

ಕೆಂಪುಮಣ್ಣು (ಪ್ರಶ್ನೆ)

ಅಮೆರಿಕದಿಂದ ಮೈಸೂರಿಗೆ ಮರಳಿದ ನನ್ನ ಅಕ್ಕ ತನ್ನ ಸಾಮಾನುಗಳ ಜೊತೆಗೆ ಅಲ್ಲಿಯೇ ಕೊಂಡಿದ್ದ ಹಳೆಯ ವೀ ಕನ್ಸೋಲನ್ನೂ, ಅದರಲ್ಲಿ ಓಡುವ ಗೇಮ್‌ಕ್ಯೂಬ್‌ನ (ವೀಗಿಂತ ಹಿಂದಿನ ನಿಂಟೆಂಡೊ ಕನ್ಸೋಲ್) ಕೆಲವು ಡಿಸ್ಕುಗಳನ್ನೂ ತಂದಿದ್ದಾಳೆ. ಅವುಗಳಲ್ಲಿ 'ಫೈನಲ್ ಫ್ಯಾಂಟಸಿ ಕ್ರಿಸ್ಟಲ್ ಕ್ರಾನಿಕಲ್ಸ್' ಕೂಡ ಇದೆ. ಅವಳು ಓದುತ್ತಿದ್ದ ಕಾಲದಲ್ಲಿ ಅದನ್ನು ಗೆಳತಿಯರೊಂದಿಗೆ ಆಡಿದ್ದಳಂತೆ. ಈಗ ನನ್ನೊಂದಿಗೂ ಇಬ್ಬರು ಸೋದರಮಾವನ ಮಕ್ಕಳೊಂದಿಗೂ ಮತ್ತೊಮ್ಮೆ ಮೊದಲಿನಿಂದ ಆಡಬೇಕೆಂದು ಹಟ ಹಿಡಿದಿದ್ದಾಳೆ. ತೊಡಕೇನೆಂದರೆ, ಇಬ್ಬರು ಆಡಬೇಕಾದರೂ ಪ್ರತಿಯೊಬ್ಬರ ಕೈಯಲ್ಲಿ ಗೇಮ್ ಬಾಯ್ ಅಡ್ವಾನ್ಸ್ ಎಂಬ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ ಒಂದೊಂದು ಇರಲೇಬೇಕು, ಅದನ್ನು ಕನ್ಸೋಲಿಗೆ ಜೋಡಿಸುವ ಕೇಬಲ್ಲೂ ಒಂದೊಂದು ಬೇಕು ಎಂದು ಅವಳೇ ಹೇಳುತ್ತಿದ್ದಾಳೆ. ನಮ್ಮ ಬಳಿ ಒಂದೂ ಇಲ್ಲ.

ಇದೇ ಆಟದ ಪರಿಷ್ಕೃತ ಆವೃತ್ತಿ 2020ರಲ್ಲಿ ಸ್ವಿಚ್, ಪಿಎಸ್4 ಹಾಗೂ ಮೊಬೈಲುಗಳಿಗೆ ಬಂದಿರುವಾಗ, ಎರಡು ದಶಕ ದಾಟಿದ ಯಂತ್ರಗಳನ್ನು ಹುಡುಕಿ ತರುವುದರಲ್ಲಿ ಅರ್ಥವಿದೆಯೇ? ಆಟ ಒಳ್ಳೆಯದೆಂಬುದನ್ನು ಅಕ್ಕನಿಂದ ಸಾಕಷ್ಟು ಕೇಳಿದ್ದೇನೆ. ನನಗೆ ಬೇಕಿರುವುದು, ಎರಡನ್ನೂ ಆಡಿದವರು ಇವುಗಳ ನಡುವೆ ನಿಜವಾಗಿ ಏನು ವ್ಯತ್ಯಾಸ ಕಂಡರು ಎಂಬ ಉತ್ತರ.

ಉಗ್ರಾಣ

ನಾಲ್ವರೂ ಒಂದೇ ಕೋಣೆಯಲ್ಲಿ ಕುಳಿತು ಆಡುವುದು ನಿಮ್ಮ ಉದ್ದೇಶವಾಗಿದ್ದರೆ ಹಳೆಯದೇ ಬೇಕು. ಹಳೆಯದರ ಮೇಲಿನ ಮೋಹದಿಂದ ಹೀಗೆ ಹೇಳುತ್ತಿಲ್ಲ. 2020ರ ಆಗಸ್ಟ್ 27ರಂದು ಬಂದ ಆವೃತ್ತಿಯಲ್ಲಿ ಒಂದೇ ಟಿವಿಯ ಮುಂದೆ ಕೂಡಿ ಆಡುವ ವ್ಯವಸ್ಥೆಯನ್ನೇ ಕೈಬಿಡಲಾಗಿದೆ. ಪಕ್ಕಪಕ್ಕದಲ್ಲಿ ಕುಳಿತವರೂ ಬೇರೆ ಬೇರೆ ಯಂತ್ರಗಳಲ್ಲಿ ಅಂತರ್ಜಾಲದ ಮೂಲಕವೇ ಸೇರಬೇಕು. ಸೇರಿದ ಮೇಲೂ ಗುಹೆ ಕಾಡುಗಳೊಳಗಿನ ಭಾಗವನ್ನು ಮಾತ್ರ ಕೂಡಿ ಆಡಬಹುದು; ಊರುಗಳಲ್ಲಿ ಅಡ್ಡಾಡುವುದು, ದಾರಿಯಲ್ಲಿ ಇತರ ಕ್ಯಾರವಾನ್‌ಗಳು (ಯಾತ್ರೆ ಹೊರಟ ತಂಡಗಳು) ಎದುರಾಗುವುದು, ಇವೆಲ್ಲ ಒಬ್ಬರ ಪಾಲಿಗೇ. ಇದಕ್ಕಿಂತ ಬೇಸರದ ಸಂಗತಿ ಎಂದರೆ, ಒಂದು ಹಂತವನ್ನು ಎಲ್ಲರೂ ಸೇರಿ ಮುಗಿಸಿದರೂ ಅಲ್ಲಿ ಸಿಗುವ, ಮುಂದುವರಿಯಲು ಸಂಗ್ರಹಿಸಲೇಬೇಕಾದ ಮಿರ್ ಎಂಬ ರಸದ ಹನಿ ಆಟವನ್ನು ಆರಂಭಿಸಿದ ಆತಿಥೇಯರ ಖಾತೆಗೆ ಮಾತ್ರ ಸೇರುತ್ತದೆ. ನಾಲ್ವರೂ ಮುಂದುವರಿಯಬೇಕಾದರೆ ಅದೇ ಹಂತವನ್ನು ನಾಲ್ಕು ಬಾರಿ ಆಡಬೇಕು.

ಮೂಲದಲ್ಲಿ ಕ್ಯಾರವಾನ್ ಒಂದೇ, ವರ್ಷವೂ ಒಂದೇ. ಆಟದ ಲೋಕವನ್ನೆಲ್ಲ ಮಿಯಾಸ್ಮಾ ಎಂಬ ವಿಷಗಾಳಿ ಆವರಿಸಿರುತ್ತದೆ. ಊರೂರಿನ ನಡುವೆ ನಿಂತಿರುವ ಹರಳು ಅದನ್ನು ತಡೆಯುತ್ತದೆ. ಹರಳಿನ ಶಕ್ತಿ ವರ್ಷಕ್ಕೊಮ್ಮೆ ಕುಂದುವುದರಿಂದ ತಿಪಾ ಎಂಬ ಹಳ್ಳಿಯ ಯುವಜನರು ಕಲಶ ಹೊತ್ತು ಹೊರಟು, ದೂರದೂರದ ಮರಗಳಿಂದ ಮೂರು ಹನಿ ಮಿರ್ ಸಂಗ್ರಹಿಸಿ ಮರಳಬೇಕು. ಕಲಶದ ಸುತ್ತ ಒಂದು ಸಣ್ಣ ವೃತ್ತದಷ್ಟೇ ಜಾಗ ಸುರಕ್ಷಿತ. ಅದನ್ನು ಹೊತ್ತವರು ಕತ್ತಿ ಬೀಸುವಂತಿಲ್ಲ, ಮಂತ್ರ ಹಾಕುವಂತಿಲ್ಲ; ಉಳಿದವರು ವೃತ್ತ ಬಿಟ್ಟು ಹೊರಗೆ ಹೋದರೆ ಪ್ರಾಣಶಕ್ತಿ ಸೋರತೊಡಗುತ್ತದೆ. ಪಲ್ಲಕ್ಕಿ ಹೊತ್ತವನು ನಿಂತರೆ ಮೆರವಣಿಗೆಯೇ ನಿಲ್ಲುವಂತೆ, ಕಲಶ ಹೊತ್ತವರು ಎಲ್ಲಿ ಇಳಿಸುತ್ತಾರೋ ಅಲ್ಲೇ ಕಾಳಗ. ಅನೇಕ ವಿಮರ್ಶಕರು ಈ ಹೊರುವ ಕೆಲಸವನ್ನು ಕಿರಿಕಿರಿ ಎಂದೇ ಜರಿದಿದ್ದಾರೆ. ಆದರೆ ನಾಲ್ವರು ಒಂದೇ ಪರದೆಯಲ್ಲಿ ಆಡುವಾಗ ಯಾರಾದರೂ ಒಬ್ಬರು ಓಡಿಹೋಗಿ ಕ್ಯಾಮೆರಾವನ್ನು ಎಳೆದಾಡುವ ಹಳೆಯ ತೊಂದರೆಗೆ ಇಷ್ಟು ಚೆನ್ನಾಗಿ ಕಥೆಯೊಳಗಿಂದಲೇ ಪರಿಹಾರ ಕಂಡುಕೊಂಡ ಇನ್ನೊಂದು ಆಟವನ್ನು ನಾನು ನೋಡಿಲ್ಲ. ಪರದೆಯನ್ನು ನಾಲ್ಕು ತುಂಡು ಮಾಡುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಗೇಮ್ ಬಾಯ್ ವಿಷಯ. ಅದನ್ನು ಬರೀ ದುಬಾರಿ ಕಂಟ್ರೋಲರ್ ಎಂದು ಎಣಿಸಿದರೆ ಖಂಡಿತ ಅನ್ಯಾಯವೆನಿಸುತ್ತದೆ. ಆದರೆ ಪ್ರತಿಯೊಬ್ಬರ ಕೈಯಲ್ಲಿನ ಆ ಪುಟ್ಟ ಪರದೆಯ ಮೇಲೆ ಬರುವುದು ಬೇರೆ ಬೇರೆ ಮಾಹಿತಿ. ಒಬ್ಬರಿಗೆ ಆ ಜಾಗದ ನಕ್ಷೆ, ಇನ್ನೊಬ್ಬರಿಗೆ ಶತ್ರುಗಳು ಇರುವ ತಾಣ, ಮತ್ತೊಬ್ಬರಿಗೆ ನಿಧಿ ಪೆಟ್ಟಿಗೆಗಳು, ನಾಲ್ಕನೆಯವರಿಗೆ ಎದುರಿಗಿರುವ ದೈತ್ಯನ ಬಲ ಮತ್ತು ದೌರ್ಬಲ್ಯ. ನಕ್ಷೆ ಇದ್ದವರಿಗೆ ಪೆಟ್ಟಿಗೆ ಕಾಣದು, ಪೆಟ್ಟಿಗೆ ಕಂಡವರಿಗೆ ದಾರಿ ಗೊತ್ತಿರದು. ಹಾಗಾಗಿ ಬಾಯಿ ಬಿಡದೆ ಆಡಲು ಸಾಧ್ಯವೇ ಇಲ್ಲ. ತಮ್ಮ ಸಾಮಾನುಗಳ ಪಟ್ಟಿಯನ್ನು ಯಾರಾದರೂ ತೆರೆದರೆ ಅದು ಅವರ ಕೈಯ ಪರದೆಯಲ್ಲೇ ತೆರೆಯುತ್ತದೆ, ಆಟ ಯಾರಿಗೂ ನಿಲ್ಲುವುದಿಲ್ಲ. ಒಬ್ಬರು ತಲೆ ತಗ್ಗಿಸಿ ಮಂತ್ರದ ಹರಳುಗಳನ್ನು ಜೋಡಿಸಿಕೊಳ್ಳುತ್ತಿರುವಾಗ ಅವರ ಪಾತ್ರ ಮೈದಾನದಲ್ಲಿ ಸುಮ್ಮನೆ ನಿಂತಿರುತ್ತದೆ, ಉಳಿದವರು ಅದನ್ನು ಕಾಯಬೇಕು.

ಅದೇ ಪರದೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಷರತ್ತೂ ಬರುತ್ತದೆ. ಒಬ್ಬರು ಮಂತ್ರದಿಂದ ಶತ್ರುಗಳನ್ನು ಕೊಂದರೆ ಅಂಕ, ಇನ್ನೊಬ್ಬರು ವಸ್ತುಗಳನ್ನು ಹೆಕ್ಕಿದರೆ ಅಂಕ, ಮತ್ತೊಬ್ಬರಿಗೆ ಏಟು ತಿಂದರೇ ಅಂಕ. ಈ ಆಟದಲ್ಲಿ ಅನುಭವದ ಅಂಕ, ಲೆವೆಲ್ ಎಂಬುದಿಲ್ಲ. ಹಂತದ ಕೊನೆಯಲ್ಲಿ ಆರಿಸಿಕೊಳ್ಳುವ ಕಲಾವಸ್ತುಗಳಿಂದಲೇ ಪಾತ್ರದ ಬಲ ಹೆಚ್ಚುತ್ತದೆ, ಗುಟ್ಟಿನ ಅಂಕ ಹೆಚ್ಚು ಗಳಿಸಿದವರಿಗೆ ಮೊದಲ ಆಯ್ಕೆ. ಹೀಗಾಗಿ ಊರಿಗಾಗಿ ಒಗ್ಗಟ್ಟಾಗಿ ಹೊರಟ ನಾಲ್ವರ ನಡುವೆ ಸದಾ ಒಂದು ಸಣ್ಣ ಅನುಮಾನ ಆಡುತ್ತಿರುತ್ತದೆ. ಇವಳೇಕೆ ಬೇಕೆಂದೇ ಬೆಂಕಿಯ ಬಳಿ ನಿಂತಿದ್ದಾಳೆ ಎಂದು ಪಕ್ಕದವರು ಕೇಳದೆ ಇರಲಾರರು.

ಒಂಟಿ ಸಂಚಾರಿ

ಉಗ್ರಾಣ ಅವರು ಬರೆದದ್ದೆಲ್ಲ ಸರಿ. ಆದರೆ ನಾಲ್ವರು ಸಿಗದಿದ್ದರೆ ಈ ಡಿಸ್ಕನ್ನು ಮುಟ್ಟಲೇಬಾರದು ಎಂಬ ಅಭಿಪ್ರಾಯ ಎಲ್ಲೆಡೆ ಹಬ್ಬಿದೆ, ಅದನ್ನು ನಾನು ಒಪ್ಪುವುದಿಲ್ಲ. ಒಬ್ಬರೇ ಆಡುವಾಗ ಸಾಮಾನ್ಯ ಗೇಮ್‌ಕ್ಯೂಬ್ ಕಂಟ್ರೋಲರ್ ಸಾಕು. ಕಲಶವನ್ನು ಮಾಗ್ ಎಂಬ ಗುಂಡುಗುಂಡಾದ ಮೂಗಲ್ (ಈ ಸರಣಿಯ ತುಪ್ಪಳದ ಪುಟ್ಟ ಜೀವಿ) ಹೊರುತ್ತಾನೆ. ಅವನು ಸುಸ್ತಾದೆನೆಂದು ಕುಳಿತರೆ ನೀವೇ ಸ್ವಲ್ಪ ದೂರ ಹೊರಬೇಕಾಗುತ್ತದೆ. ಸೆಕೆಯ ಪ್ರದೇಶಗಳಲ್ಲಿ ಬೇಗ ಬಳಲುತ್ತಾನೆ, ಅವನ ತುಪ್ಪಳವನ್ನು ಕತ್ತರಿಸಿಕೊಟ್ಟರೆ ಹೆಚ್ಚು ಹೊತ್ತು ತಾಳುತ್ತಾನೆ. ಅವನಿಗೆ ಬಳಿಯುವ ಬಣ್ಣಕ್ಕೆ ತಕ್ಕಂತೆ ಅವನು ನಿಮ್ಮ ಮಂತ್ರಕ್ಕೆ ಜೊತೆಗೂಡುತ್ತಾನೆ. ಕೆಂಪು ಬಳಿದರೆ ಬೆಂಕಿ.

ಒಂಟಿ ಆಟದಲ್ಲಿ ಕಳೆದುಹೋಗುವುದು ಮಂತ್ರ ಬೆರೆಸುವ ಸುಖ, ಅದನ್ನು ಒಪ್ಪುತ್ತೇನೆ. ಗುಂಪಿನಲ್ಲಿ ಇಬ್ಬರು ಒಂದೇ ಜಾಗಕ್ಕೆ ಗುರಿಯ ವೃತ್ತ ಇಟ್ಟು ಒಂದೇ ಕ್ಷಣಕ್ಕೆ ಬೆಂಕಿ ಹಾಕಿದರೆ ಅದು ಇನ್ನೂ ಬಲವಾದ ಫೈರಾ ಮಂತ್ರ ಆಗುತ್ತದೆ, ಮೂವರು ಸೇರಿದರೆ ಫೈರಾಗಾ. ಬದುಕಿಸುವ ಮಂತ್ರಕ್ಕೆ ಬೆಂಕಿಯನ್ನೋ ಹಿಮವನ್ನೋ ಬೆರೆಸಿದರೆ ಹೋಲಿ ಎಂಬ ಮಂತ್ರ. ಅದು ತಗುಲದೆ ಪ್ರೇತಗಳಿಗೆ ಕತ್ತಿಯ ಏಟು ನಾಟುವುದಿಲ್ಲ. ಹಾರುವ ಶತ್ರುಗಳನ್ನು ನೆಲಕ್ಕೆಳೆಯಲು ಗ್ರಾವಿಟಿ. ಇದಕ್ಕೆಲ್ಲ "ಒಂದು, ಎರಡು, ಈಗ" ಎಂದು ಗಟ್ಟಿಯಾಗಿ ಎಣಿಸಬೇಕು, ಎಣಿಸಿದರೂ ಯಾರೋ ಒಬ್ಬರು ಮೊದಲೇ ಬೆರಳು ಬಿಡುತ್ತಾರೆ. ಒಬ್ಬರೇ ಆಡುವಾಗ ಪಟ್ಟಿಯಲ್ಲಿ ಎರಡು ಹರಳುಗಳನ್ನು ಜೋಡಿಸಿಟ್ಟರೆ ಆಯಿತು, ಲಯದ ಮಾತೇ ಇಲ್ಲ.

ಆದರೆ ಒಂಟಿಯಾಗಿ ಆಡಿದವರಿಗೆ ಬೇರೊಂದು ದಕ್ಕುತ್ತದೆ. ಹಂತದ ಕೊನೆಗೆ ಮನೆಯವರಿಂದ ಕಾಗದ ಬರುತ್ತದೆ. ಅದಕ್ಕೆ ಉತ್ತರ ಬರೆದು, ಜೊತೆಗೆ ಹಣ್ಣನ್ನೋ ಬೀಜವನ್ನೋ ಹಣವನ್ನೋ ಕಳಿಸಬಹುದು. ಗುಂಪಿನ ಗದ್ದಲದಲ್ಲಿ ಎಲ್ಲರೂ ಇದನ್ನು ಸರಸರನೆ ಒತ್ತಿ ದಾಟಿಸಿಬಿಡುತ್ತಾರೆ. ದಾರಿಯಲ್ಲಿ ಕಂಡದ್ದು, ಕೇಳಿದ್ದು ದಿನಚರಿಯಲ್ಲಿ ದಾಖಲಾಗುತ್ತಾ ಹೋಗುತ್ತದೆ, ಕೊನೆಯ ಪಯಣದಲ್ಲಿ ಆಟ ಆ ನೆನಪುಗಳನ್ನೇ ನಿಮ್ಮ ಮುಂದೆ ಒಡ್ಡುತ್ತದೆ. ಕುಮಿ ತಾನಿಓಕಾ ಅವರ ಸಂಗೀತವನ್ನೂ ಸದ್ದಿಲ್ಲದ ಮನೆಯಲ್ಲಿ ಕೇಳಬೇಕು: ರೆಕಾರ್ಡರ್, ಕ್ರಮ್‌ಹಾರ್ನ್‌ನಂಥ ಯುರೋಪಿನ ಹಳೆಯ ವಾದ್ಯಗಳನ್ನು ಇಷ್ಟು ಧಾರಾಳವಾಗಿ ಬಳಸಿದ ಆಟಗಳು ಬಹಳ ಇಲ್ಲ. ಗೇಮ್ ಬಾಯ್‌ಗಳು ಸಿಗುವವರೆಗೆ ಅಕ್ಕ ಒಬ್ಬರೇ ಆಟದೊಳಗಿನ ಒಂದು ವರ್ಷದ ಯಾತ್ರೆ ಮುಗಿಸಲಿ ಎಂಬುದು ನನ್ನ ಸಲಹೆ. ಒಂದು ಹಳ್ಳಿಯಲ್ಲಿ ಎಂಟು ಪಾತ್ರಗಳವರೆಗೆ ಇರಿಸಿಕೊಳ್ಳಬಹುದಾದ್ದರಿಂದ ನೀವೆಲ್ಲ ಆಮೇಲೆ ಅದೇ ಊರಿಗೆ ಸೇರಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಎರಡನೇ ಕಂಟ್ರೋಲರ್

ಇಷ್ಟೆಲ್ಲ ಪಡಿಪಾಟಲು ಏಕೆ ಎಂದು ಕೇಳಲು ಅನುಮತಿ ಕೊಡಿ. ಕನ್ಸೋಲ್, ನಾಲ್ಕು ಗೇಮ್ ಬಾಯ್, ನಾಲ್ಕು ಕೇಬಲ್. ಹೊಸದಾಗಿದ್ದ ಕಾಲದಲ್ಲೇ ಇಷ್ಟನ್ನು ಒಟ್ಟುಗೂಡಿಸಿದ ಮನೆಗಳು ವಿರಳ. ಈ ಬೇಡಿಕೆಯ ಹಿಂದೆ ವ್ಯಾಪಾರದ ಲೆಕ್ಕಾಚಾರವೂ ಇತ್ತು ಎಂಬುದನ್ನು ಮರೆಯಬಾರದು. ಸ್ಕ್ವೇರ್ ಕಂಪನಿ ನಿಂಟೆಂಡೊವನ್ನು ಬಿಟ್ಟು ಪ್ಲೇಸ್ಟೇಷನ್ ಕಡೆಗೆ ಹೋಗಿದ್ದು, ಮತ್ತೆ ಮರಳಿದಾಗ ಗೇಮ್‌ಕ್ಯೂಬ್‌ಗೆ ಮಾಡಿದ ಆಟವಿದು. ಎರಡು ಯಂತ್ರಗಳನ್ನು ಜೋಡಿಸಿ ಆಡುವ ಆಟಗಳು ಬರಲೆಂದು ನಿಂಟೆಂಡೊದ ಅಧ್ಯಕ್ಷರಾಗಿದ್ದ ಹಿರೋಶಿ ಯಮೌಚಿ ಅವರು ಸ್ಥಾಪಿಸಿದ ಫಂಡ್ ಕ್ಯೂ ನಿಧಿಯ ನೆರವು ಇದಕ್ಕೆ ದೊರೆತಿತ್ತು. ಗೇಮ್ ಬಾಯ್ ಮಾರಾಟವಾಗಬೇಕಿತ್ತು, ಆದ್ದರಿಂದ ಗೇಮ್ ಬಾಯ್ ಕಡ್ಡಾಯವಾಯಿತು ಎಂಬುದು ನನ್ನ ಅಭಿಪ್ರಾಯ. ಇಬ್ಬರು ಆಡುವಾಗಲಾದರೂ ಸಾಮಾನ್ಯ ಕಂಟ್ರೋಲರ್‌ಗೆ ಅವಕಾಶ ಕೊಡಬಹುದಿತ್ತು.

ಕೂಡಿ ಆಡುವ ಫ್ಯಾಂಟಸಿಯೇ ಬೇಕಿದ್ದರೆ, ಕರ್ನಾಟಕದ ಮನೆಗಳಲ್ಲಿ ಗೇಮ್‌ಕ್ಯೂಬ್‌ಗಿಂತ ಎಷ್ಟೋ ಪಾಲು ಹೆಚ್ಚಾಗಿ ಇದ್ದ ಪಿಎಸ್2ರಲ್ಲಿ 'ಬಾಲ್ಡರ್ಸ್ ಗೇಟ್: ಡಾರ್ಕ್ ಅಲಯನ್ಸ್' ಇದೆ. 2001ರಲ್ಲಿ ಸ್ನೋಬ್ಲೈಂಡ್ ಸ್ಟುಡಿಯೋಸ್ ಮಾಡಿದ ಆಟ. ಬಿಲ್ಲುಗಾರ, ಮಾಂತ್ರಿಕಳು, ಕುಳ್ಳ ಯೋಧ ಎಂಬ ಮೂರು ಪಾತ್ರ, ಎರಡು ಕಂಟ್ರೋಲರ್ ಸಿಕ್ಕಿಸಿದರೆ ಆಟ ಶುರು. ಹೊಸ ಕನ್ಸೋಲುಗಳಿಗೆ 2021ರಲ್ಲಿ ಮತ್ತೆ ಬಿಡುಗಡೆಯಾಗಿದೆ, ಒಂದೇ ಪರದೆಯಲ್ಲಿ ಇಬ್ಬರು ಆಡುವ ಅನುಕೂಲವನ್ನು ಉಳಿಸಿಕೊಂಡೇ. ನಾಲ್ವರಿದ್ದರೆ ಅದೇ ಸ್ಟುಡಿಯೋದ 'ಚಾಂಪಿಯನ್ಸ್ ಆಫ್ ನೊರಾತ್', ಹೆಚ್ಚು ಕಂಟ್ರೋಲರ್ ಸಿಕ್ಕಿಸಲು ನೆರವಾಗುವ ಮಲ್ಟಿಟ್ಯಾಪ್ ಒಂದಿದ್ದರೆ ಸಾಕು.

ಉಗ್ರಾಣ

ಡಾರ್ಕ್ ಅಲಯನ್ಸ್ ನನಗೂ ಪ್ರಿಯವೇ. ಆದರೆ ಅಲ್ಲಿ ಇಬ್ಬರು ಅಕ್ಕಪಕ್ಕದಲ್ಲಿ ನಿಂತು ತಮ್ಮ ತಮ್ಮ ಕೆಲಸ ಮಾಡುತ್ತಾರೆ. ಇನ್ನೊಬ್ಬರು ಇದ್ದರೆ ಶತ್ರುಗಳು ಬೇಗ ಸಾಯುತ್ತಾರೆ, ಅಷ್ಟೇ. ಇನ್ನೊಬ್ಬರಿಗೆ ತಿಳಿದದ್ದು ನಿಮಗೆ ತಿಳಿಯದೆ ಇರುವುದರಿಂದಲೇ ನಡೆಯುವ ಆಟ ಅದಲ್ಲ. ವ್ಯಾಪಾರದ ಲೆಕ್ಕಾಚಾರ ಇತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊರಗಿನಿಂದ ಬಂದ ಆ ಕಟ್ಟಳೆಯನ್ನು ವಿನ್ಯಾಸಕಾರರು ಆಟದ ಒಳಗಿನ ನಿಯಮವನ್ನಾಗಿ ಮಾಡಿಕೊಂಡರು, ಪರಿಷ್ಕೃತ ಆವೃತ್ತಿ ಸೊರಗಿದ್ದೂ ಅಲ್ಲಿಯೇ. ಇಬ್ಬರಿಗೆ ಸಾಮಾನ್ಯ ಕಂಟ್ರೋಲರ್ ಕೊಟ್ಟಿದ್ದರೆ ಪಟ್ಟಿ ತೆರೆದಾಗಲೆಲ್ಲ ಇಬ್ಬರ ಆಟವೂ ನಿಲ್ಲಬೇಕಾಗುತ್ತಿತ್ತು, ಗುಟ್ಟಿನ ಷರತ್ತು ಟಿವಿಯ ಮೇಲೆಯೇ ಕಾಣಿಸಬೇಕಾಗುತ್ತಿತ್ತು.

ಕಂಪ್ಯೂಟರಿನ ದಾರಿಯೂ ಒಂದಿದೆ. ಗೇಮ್‌ಕ್ಯೂಬ್ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಡಾಲ್ಫಿನ್ ಎಮ್ಯುಲೇಟರ್‌ ತಂತ್ರಾಂಶದೊಳಗೇ 2021ರಿಂದ ಗೇಮ್ ಬಾಯ್ ಅಡ್ವಾನ್ಸ್ ಅಡಕವಾಗಿದೆ, ಕೇಬಲ್ ಬೇಕಿಲ್ಲ. ಆದರೆ ಒಂದೇ ಕಂಪ್ಯೂಟರಿನಲ್ಲಿ ಆಡಿದರೆ ನಾಲ್ಕೂ ಪುಟ್ಟ ಪರದೆಗಳು ಎಲ್ಲರ ಕಣ್ಣೆದುರಿಗೇ ತೆರೆದುಕೊಂಡಿರುತ್ತವೆ, ಯಾರ ಗುಟ್ಟೂ ಉಳಿಯುವುದಿಲ್ಲ.

ಕೆಂಪುಮಣ್ಣು

ಎಲ್ಲರಿಗೂ ಧನ್ಯವಾದಗಳು. ಹಳೆಯದನ್ನೇ ಆಡುವುದೆಂದು ನಿರ್ಧರಿಸಿದ್ದೇವೆ. ಮೊದಲು ಎರಡು ಗೇಮ್ ಬಾಯ್ ಹೊಂದಿಸಿಕೊಂಡು ಅಕ್ಕ ಮತ್ತು ನಾನು ಆರಂಭಿಸುತ್ತೇವೆ, ಮಿಕ್ಕವರು ಆಮೇಲೆ ಸೇರುತ್ತಾರೆ. ಕೊಳ್ಳುವಾಗ ಯಾವ ಮಾದರಿ ನೋಡಬೇಕು, ಇನ್ನೇನಾದರೂ ಎಚ್ಚರ ವಹಿಸಬೇಕೇ ತಿಳಿಸಿ.

ಉಗ್ರಾಣ

ಎಲ್ಲಕ್ಕಿಂತ ಮೊದಲು ವಿದ್ಯುತ್. ಅಮೆರಿಕದ ವೀ ಜೊತೆಗೆ ಬರುವ ಅಡಾಪ್ಟರ್ 120 ವೋಲ್ಟಿಗೆ ಮಾಡಿದ್ದು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಹಾಕಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ. ಅಕ್ಕ ತಂದಿರುವ ವೀ ಯಾವ ಮಾದರಿಯದೆಂದು ಖಚಿತಪಡಿಸಿಕೊಳ್ಳಿ. ಮೊದಲ ಮಾದರಿಯಲ್ಲಿ ಮುಚ್ಚಳದ ಅಡಿಯಲ್ಲಿ ಗೇಮ್‌ಕ್ಯೂಬ್ ಕಂಟ್ರೋಲರಿನ ನಾಲ್ಕು ಕಿಂಡಿಗಳೂ ಮೆಮೊರಿ ಕಾರ್ಡಿನ ಎರಡು ಕಿಂಡಿಗಳೂ ಇರುತ್ತವೆ, ನಂತರ ಬಂದವುಗಳಲ್ಲಿ ಇಲ್ಲ. ಡಿಸ್ಕೂ ಕನ್ಸೋಲೂ ಎರಡೂ ಅಮೆರಿಕದವೇ ಆದರೆ ತೊಂದರೆಯಿಲ್ಲ; ಮುಂದೆ ಬೇರೆ ಡಿಸ್ಕು ಕೊಳ್ಳುವಾಗ ಯುರೋಪಿನದೋ ಜಪಾನಿನದೋ ಆಗಿದ್ದರೆ ಇದರಲ್ಲಿ ಓಡುವುದಿಲ್ಲ. ಗೇಮ್ ಬಾಯ್‌ಗಳಿಗೆ ಆ ಕಟ್ಟುಪಾಡಿಲ್ಲ, ಯಾವ ದೇಶದ್ದಾದರೂ ನಡೆಯುತ್ತದೆ.

ಮೊದಲ ಗೇಮ್ ಬಾಯ್ ಅಡ್ವಾನ್ಸ್‌ಗೆ ಪರದೆಯ ಬೆಳಕಿಲ್ಲ, ಎರಡು ಪೆನ್ಸಿಲ್ ಸೆಲ್ ಬೇಕು. ಟಿವಿ ನೋಡುತ್ತಾ ನಡುನಡುವೆ ಕೆಳಗೆ ಕಣ್ಣು ಹಾಯಿಸುವ ಈ ಆಟಕ್ಕೆ ಬೆಳಕೂ ಚಾರ್ಜ್ ಮಾಡಬಹುದಾದ ಬ್ಯಾಟರಿಯೂ ಇರುವ, ಮಡಚುವ ಎಸ್‌ಪಿ ಮಾದರಿಯೇ ವಾಸಿ. ಗೇಮ್ ಬಾಯ್ ಮೈಕ್ರೋದ ಕಿಂಡಿ ಬೇರೆ ಅಳತೆಯದು, ಡಿಎಸ್‌ನಲ್ಲಿ ಆ ಕಿಂಡಿಯೇ ಇಲ್ಲ. ಅಗ್ಗವಾಗಿ ಸಿಕ್ಕಿತೆಂದು ಅವನ್ನು ತರಬೇಡಿ. ಕೇಬಲ್ ವಿಷಯದಲ್ಲೂ ಎರಡು ಗೇಮ್ ಬಾಯ್‌ಗಳನ್ನು ಪರಸ್ಪರ ಜೋಡಿಸುವ ಕೇಬಲ್ ಬೇರೆ, ಕನ್ಸೋಲಿಗೆ ಜೋಡಿಸುವುದು ಬೇರೆ. ಒಂದು ತುದಿಯಲ್ಲಿ ಗೇಮ್‌ಕ್ಯೂಬ್ ಕಂಟ್ರೋಲರಿನ ಗುಂಡನೆಯ ಪ್ಲಗ್ ಇದೆಯೇ ಎಂದು ಚಿತ್ರದಲ್ಲಿ ನೋಡಿಯೇ ದುಡ್ಡು ಕೊಡಿ. ಇದೇ ಕೇಬಲ್ಲುಗಳಿಂದ 'ಜೆಲ್ಡಾ: ಫೋರ್ ಸ್ವೋರ್ಡ್ಸ್ ಅಡ್ವೆಂಚರ್ಸ್' ಅನ್ನೂ ನಾಲ್ವರು ಆಡಬಹುದಾದ್ದರಿಂದ ಹಣ ಒಂದೇ ಆಟಕ್ಕೆ ಸುರಿದಂತಾಗುವುದಿಲ್ಲ.

ಗೇಮ್‌ಕ್ಯೂಬ್‌ನ ಮೆಮೊರಿ ಕಾರ್ಡ್ ಸಾಮಾನುಗಳ ಜೊತೆ ಬಂದಿದೆಯೇ ಎಂದೂ ಅಕ್ಕನನ್ನು ಕೇಳಿ. ಈ ಡಿಸ್ಕಿನ ಆಟ ವೀ ಕನ್ಸೋಲಿನ ಒಳಗಿನ ಮೆಮೊರಿಯಲ್ಲಿ ಉಳಿಯುವುದಿಲ್ಲ, ಕಾರ್ಡ್ ಬೇಕೇ ಬೇಕು. ಅವಳ ಹಳೆಯ ಕಾರ್ಡ್ ಸಿಕ್ಕಿದರೆ ಅದರಲ್ಲಿರುವುದನ್ನು ಅಳಿಸದೆ ಬೇರೊಂದು ಕಾರ್ಡಿನಲ್ಲಿ ಆರಂಭಿಸಿ. ಅವಳು ಓದುವ ಕಾಲದಲ್ಲಿ ಆಡಿದ್ದ ಹಳ್ಳಿ ಇನ್ನೂ ಅದರಲ್ಲೇ ಇರಬಹುದು.